ಶಾಲಾ ತೋಟದ ಹಾವಸೆ ಚಿತ್ರ ಸೊರಗಿದಾಗ: ಲಕ್ಷಣ ನೋಡಿ ಕಾರಣ ಹುಡುಕುವ ಬಗೆ

ಗೋಡೆಯ ಮೇಲೋ ಮರದ ಹಲಗೆಯ ಮೇಲೋ ಜೀವಂತ ಹಾವಸೆಯಿಂದ ಅಕ್ಷರ, ಎಲೆ, ಚಿಟ್ಟೆ ಬಿಡಿಸುವ ಕೆಲಸವನ್ನು ಮಕ್ಕಳು ಒಂದು ಮಧ್ಯಾಹ್ನದಲ್ಲಿ ಮುಗಿಸಿಬಿಡುತ್ತಾರೆ. ಅದು ಅಲ್ಲಿ ಬದುಕಿ ಹಬ್ಬುತ್ತದೆಯೋ ಇಲ್ಲವೋ ಎಂಬುದು ತಿಳಿಯಲು ಮಾತ್ರ ತಿಂಗಳುಗಳು ಬೇಕು. ಈ ನಡುವೆ ಬಣ್ಣ ಕಂದಾಗುತ್ತದೆ, ಬೂಷ್ಟು ಹತ್ತುತ್ತದೆ, ಇಲ್ಲವೇ ಅಂಚು ಏಳುತ್ತದೆ. ಆಗ ಗಾಬರಿಯಿಂದ ಮೊದಲು ಇನ್ನಷ್ಟು ನೀರು ಸುರಿಯುತ್ತೇವೆ, ಆಮೇಲೆ ಗೊಬ್ಬರ ಹಾಕುತ್ತೇವೆ. ನಾನು ನೋಡಿದ ಕೆಟ್ಟ ಚಿತ್ರಗಳಲ್ಲಿ ಅರ್ಧದಷ್ಟಾದರೂ ಮೂಲ ದೋಷದಿಂದಲ್ಲದೆ ಈ ಉಪಚಾರದಿಂದಲೇ ಸತ್ತವು.

ಹೆಸರಿನ ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ಆಡುಮಾತಿನಲ್ಲಿ ಹಸಿರಾಗಿ ಜಾರುವುದೆಲ್ಲವೂ ನಮಗೆ ಪಾಚಿಯೇ. ಇಲ್ಲಿ ಮಾತ್ರ ಪುಟ್ಟ ಕಾಂಡ ಮತ್ತು ಎಲೆಗಳಿರುವ, ಮೆತ್ತೆಯಂತೆ ಬೆಳೆಯುವ ಸಸ್ಯವನ್ನು, ಅಂದರೆ ಮಾಸ್ ಎಂದು ಕರೆಯುವುದನ್ನು, ಹಾವಸೆ ಎಂದೂ, ಲೋಳೆಯಂತೆ ಹರಡುವ ಶೈವಲವನ್ನು ಪಾಚಿ ಎಂದೂ ಬೇರೆಬೇರೆಯಾಗಿ ಕರೆದಿದ್ದೇನೆ. ಈ ಎರಡನ್ನೂ ಒಂದೇ ಎಂದು ತಿಳಿದರೆ ಮುಂದಿನ ಅರ್ಧ ಪರೀಕ್ಷೆಗಳು ತಪ್ಪು ಉತ್ತರ ಕೊಡುತ್ತವೆ.

ಹಾವಸೆಗೆ ನಿಜವಾದ ಬೇರಿಲ್ಲ. ಅದರ ಬುಡದಲ್ಲಿರುವ ರೈಜಾಯ್ಡ್ ಎಂಬ ಕೂದಲೆಳೆಗಳು ಮುಖ್ಯವಾಗಿ ಹಿಡಿದುಕೊಳ್ಳಲು ಮಾತ್ರ. ಬಹುತೇಕ ಜಾತಿಗಳ ಎಲೆ ಒಂದೇ ಕೋಶದಷ್ಟು ದಪ್ಪವಿರುವುದರಿಂದ ನೀರನ್ನೂ ಅದರಲ್ಲಿ ಕರಗಿರುವುದನ್ನೂ ಎಲೆಯೇ ನೇರವಾಗಿ ಹೀರುತ್ತದೆ. ಹೀಗಾಗಿ ಗುಲಾಬಿ ಗಿಡಕ್ಕೆ ಏನೂ ಮಾಡದ ನೀರು ಹಾವಸೆಯನ್ನು ಕೊಲ್ಲಬಹುದು. ಈ ಕೈಪಿಡಿಯಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವೇ: ನೀರು ಎಲ್ಲಿಂದ ಬಂತು, ಏನನ್ನು ಮುಟ್ಟಿಕೊಂಡು ಬಂತು, ಎಷ್ಟು ಹೊತ್ತು ಉಳಿಯಿತು?

ಪರೀಕ್ಷೆಗೆ ಬೇಕಾದ ಸಾಮಾನು ಕಡಿಮೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಲೋಟ ಮಳೆನೀರು, ಚಿಮಟ, ಗಡಿಯಾರ, ಮತ್ತು ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ನಿಂತು ತೆಗೆದ ಫೋಟೊಗಳು ಸಾಕು. ಫೋಟೊಗಳನ್ನು ಯಾರೂ ತೆಗೆದಿಟ್ಟಿರುವುದಿಲ್ಲ, ಆದರೆ ಅವುಗಳಷ್ಟು ನೆರವಾಗುವ ಉಪಕರಣ ಬೇರೊಂದಿಲ್ಲ.

ಕೈ ಹಚ್ಚುವ ಮುನ್ನ

ಹಾವಸೆಯನ್ನು ಮುಟ್ಟುವ ಎಲ್ಲರೂ ಕೈಗವಸು ಹಾಕಿಕೊಳ್ಳಬೇಕು. ಕೈಯಲ್ಲಿ ಗಾಯವಿರುವ ಮಕ್ಕಳಿಗೆ ಫೋಟೊ ತೆಗೆಯುವ ಕೆಲಸ ಕೊಡಬಹುದು. ಸಸ್ಯದ ಅವಶೇಷಗಳಲ್ಲಿರುವ ಸ್ಪೋರೋಥ್ರಿಕ್ಸ್ ಎಂಬ ಶಿಲೀಂಧ್ರ ಚರ್ಮದ ಗೀರಿನ ಮೂಲಕ ಒಳಸೇರಿ ವಾಸಿಯಾಗದ ಗಂಟು, ಹುಣ್ಣುಗಳನ್ನು ಉಂಟುಮಾಡಬಲ್ಲದು. ಇದು ಅಪರೂಪ, ಆದರೆ ಕಲ್ಪನೆಯ ಭಯವಲ್ಲ: 1988ರಲ್ಲಿ ಅಮೆರಿಕದಲ್ಲಿ ಸಸಿಗಳನ್ನು ಸುತ್ತಲು ಬಳಸಿದ ಸ್ಫ್ಯಾಗ್ನಮ್ ಹಾವಸೆಯಿಂದ 15 ರಾಜ್ಯಗಳಲ್ಲಿ 84 ಜನರಿಗೆ ಈ ಸೋಂಕು ತಗುಲಿತ್ತು. ಹಾವಸೆ ಮುಟ್ಟಿದ ವಾರಗಳ ನಂತರ ಕೈಯಲ್ಲಿ ಇಂಥ ಗಂಟು ಕಾಣಿಸಿದರೆ ವೈದ್ಯರಿಗೆ ತೋರಿಸಬೇಕು, ಮತ್ತು ಹಾವಸೆಯ ಕೆಲಸ ಮಾಡಿದ ವಿಷಯವನ್ನು ಅವರಿಗೆ ಹೇಳಬೇಕು.

ಮಕ್ಕಳ ಭುಜಕ್ಕಿಂತ ಎತ್ತರದಲ್ಲಿರುವುದನ್ನು ದೊಡ್ಡವರೇ ಪರೀಕ್ಷಿಸಬೇಕು. ಗೋಡೆಯಲ್ಲಿ ವಿದ್ಯುತ್ ಪೆಟ್ಟಿಗೆ, ಸ್ವಿಚ್ಚು ಅಥವಾ ತಂತಿ ಇದ್ದರೆ ಅದರ ಹತ್ತಿರ ನೀರು ಸಿಂಪಡಿಸಲೇಬಾರದು. ಗೋಡೆಗೆ ಹಳೆಯ ಬಣ್ಣವಿದ್ದರೆ ಅದರಲ್ಲಿ ಸೀಸ ಇರಬಹುದು. ಗೋಡೆಯ ಶೀಟು ಕಲ್ನಾರಿನದಾಗಿದ್ದರೆ, ಅಂದರೆ ಆಸ್ಬೆಸ್ಟಾಸ್ ಆಗಿದ್ದರೆ, ಅದರ ಎಳೆಗಳು ಶ್ವಾಸಕೋಶಕ್ಕೆ ಅಪಾಯ. ಇಂಥ ಮೇಲ್ಮೈಗಳನ್ನು ಉಜ್ಜುವುದಾಗಲಿ ಕೆರೆಯುವುದಾಗಲಿ ಬೇಡ. ಚಿತ್ರವನ್ನು ಬೇರೆ ಹಲಗೆಯ ಮೇಲೆ ಮಾಡಿಕೊಳ್ಳುವುದೇ ಸರಿ.

ಹಾವಸೆ ಕಂದಾಗಿ ಮುರುಟಿಕೊಂಡಿದೆ

ಹೆಚ್ಚು ಜನ ದೂರುವುದು ಇದನ್ನೇ, ಮತ್ತು ಹೆಚ್ಚು ಸಲ ಇದು ದೋಷವೇ ಅಲ್ಲ. ನೀರು ಸಿಗದಾಗ ಹಾವಸೆ ಎಲೆಗಳನ್ನು ಸುತ್ತಿಕೊಂಡು, ಬಣ್ಣ ಕಳೆದುಕೊಂಡು, ಜೀವಕ್ರಿಯೆಯನ್ನು ಬಹುತೇಕ ನಿಲ್ಲಿಸಿ ಕಾಯುತ್ತದೆ. ಒಣಹವೆಯ ದಿನಗಳಲ್ಲಿ ಗೋಡೆಯ ಮೇಲಿನ ಹಾವಸೆಯೆಲ್ಲ ಸತ್ತಂತೆ ಕಂಡು, ಮೊದಲ ಮಳೆಗೆ ಹಸಿರಾಗುವುದನ್ನು ಎಲ್ಲರೂ ನೋಡಿದ್ದೇವೆ.

ಮೊದಲ ಪರೀಕ್ಷೆಗೆ ಖರ್ಚಿಲ್ಲ. ಉಗುರಿನಷ್ಟು ಅಗಲದ ತುಂಡನ್ನು ಚಿಮಟದಿಂದ ತೆಗೆದು ಮಳೆನೀರಿನ ಲೋಟಕ್ಕೆ ಹಾಕಿ ಗಡಿಯಾರ ನೋಡಿ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಎಲೆಗಳು ಬಿಚ್ಚಿಕೊಳ್ಳುತ್ತವೆ. ಆದರೆ ಇಲ್ಲಿ ಎಚ್ಚರ ಬೇಕು: ಸತ್ತ ಎಲೆಯೂ ನೀರು ಹೀರಿದಾಗ ಬಿಚ್ಚಿಕೊಳ್ಳುತ್ತದೆ, ಏಕೆಂದರೆ ಅದು ಒದ್ದೆಯಾದ ಕಾಗದ ಬಿಚ್ಚಿಕೊಂಡಂತೆ ಬರಿಯ ಭೌತಿಕ ಚಲನೆ. ಆದ್ದರಿಂದ ನೋಡಬೇಕಾದದ್ದು ಎಲೆ ಬಿಚ್ಚಿತೇ ಎಂಬುದನ್ನಲ್ಲ, ಬಣ್ಣವನ್ನು. ಭೂತಗನ್ನಡಿಯಲ್ಲಿ ಕಾಂಡದ ತುದಿ ಹಸಿರಾಗಿದ್ದರೆ ಕೆಳಗಿನ ಎಲೆಗಳು ಕಂದಾಗಿದ್ದರೂ ಚಿಂತಿಸಬೇಕಾಗಿಲ್ಲ. ಮುದಿ ಎಲೆಗಳು ಹಾಗೇ ಇರುತ್ತವೆ. ತುದಿಯೂ ಕಂದಾಗಿದ್ದರೆ ತುಂಡನ್ನು ಮುಚ್ಚಳವಿರುವ ಪಾರದರ್ಶಕ ಡಬ್ಬಿಯಲ್ಲಿ ತೇವವಾಗಿಟ್ಟು, ಬಿಸಿಲು ತಾಗದ ಬೆಳಕಿನಲ್ಲಿ ಎರಡು ಮೂರು ವಾರ ಕಾಯಿರಿ. ಬುಡದಿಂದ ಹೊಸ ಹಸಿರು ಮೊಳಕೆ ಬಂದರೆ ಚಿತ್ರಕ್ಕೂ ಜೀವವಿದೆ ಎಂದು ತಿಳಿಯಬಹುದು. ಮೆತ್ತಗಾಗಿ ನಾತ ಹೊಡೆದರೆ ಆ ಭಾಗ ಹೋಯಿತು.

ತುಂಡು ಡಬ್ಬಿಯಲ್ಲಿರುವಾಗಲೇ ಗೋಡೆಯ ಎದುರು ಹತ್ತು ಹೆಜ್ಜೆ ಹಿಂದೆ ನಿಂತು ಕಂದು ಬಣ್ಣ ಯಾವ ಆಕಾರದಲ್ಲಿದೆ ಎಂದು ನೋಡಿ. ಕಾರಣವನ್ನು ಬಹುಪಾಲು ಈ ಆಕಾರವೇ ಹೇಳಿಬಿಡುತ್ತದೆ.

ಇಡೀ ಚಿತ್ರ ಸಮವಾಗಿ ಕಂದಾಗಿದ್ದರೆ ಅದು ಒಣಹವೆ ಅಥವಾ ನೀರಿನ ಗುಣ. ಮೇಲಿನ ಅಂಚು ಮಾತ್ರ ಕಂದಾಗಿದ್ದರೆ ನೀರು ಕೆಳಗಿಳಿದು ಮೇಲ್ಭಾಗ ಬೇಗ ಒಣಗುತ್ತಿದೆ. ಸಿಂಪಡಿಸುವಾಗ ಮೇಲಿನಿಂದ ಶುರು ಮಾಡಿ ಅಲ್ಲಿಗೆ ಎರಡು ಪಾಲು ಕೊಟ್ಟರೆ ಸರಿಹೋಗುತ್ತದೆ. ಒಂದು ಪಕ್ಕ ಮಾತ್ರ ಬಿಳಿಚಿಕೊಂಡು ಒಣಹುಲ್ಲಿನಂತಾಗಿದ್ದರೆ ಆ ಪಕ್ಕಕ್ಕೆ ಎಷ್ಟು ಗಂಟೆ ನೇರ ಬಿಸಿಲು ಬೀಳುತ್ತದೆ ಎಂದು ಒಂದು ದಿನ ಗಂಟೆಗೊಮ್ಮೆ ಹೋಗಿ ಬರೆದುಕೊಳ್ಳಿ. ಮಕ್ಕಳು ಇದನ್ನು ಸಂತೋಷದಿಂದ ಮಾಡುತ್ತಾರೆ. ನೆರಳು ಕೊಡುತ್ತಿದ್ದ ಕೊಂಬೆಯೊಂದನ್ನು ಕಡಿದದ್ದು ಯಾರಿಗೂ ನೆನಪಿಲ್ಲದೆ ಹೋಗಿ, ಚಿತ್ರ ಮಾತ್ರ ಅದನ್ನು ದಾಖಲಿಸಿರುತ್ತದೆ.

ಮೇಲಿನಿಂದ ಕೆಳಕ್ಕೆ ಪಟ್ಟೆಯಂತೆ ಕಂದು ಇಳಿದಿದ್ದರೆ ಕಣ್ಣನ್ನು ಆ ಪಟ್ಟೆಯ ಜೊತೆ ಮೇಲಕ್ಕೆ ಒಯ್ಯಿರಿ. ತುದಿಯಲ್ಲಿ ತಾಮ್ರದ ತಂತಿ, ಸತುವಿನ ಲೇಪವಿರುವ ತಗಡು, ಜಾಲರಿ ಅಥವಾ ಮೊಳೆ ಸಿಗುವ ಸಾಧ್ಯತೆ ಹೆಚ್ಚು. ತಾಮ್ರ ಮತ್ತು ಸತು ಎರಡೂ ಹಾವಸೆಗೆ ವಿಷ. ಛಾವಣಿಯ ಮೇಲೆ ಹಾವಸೆ ಬೆಳೆಯದಿರಲೆಂದೇ ಕೆಲವೆಡೆ ಸತುವಿನ ಪಟ್ಟಿ ಹೊಡೆಯುತ್ತಾರೆ. ಚಂದ ಕಾಣಲೆಂದು ಹಾಕಿದ ತಾಮ್ರದ ಚೌಕಟ್ಟೇ ಕೆಳಗಿನ ಅಕ್ಷರಗಳನ್ನೆಲ್ಲ ಅಳಿಸಿದ್ದನ್ನು ನಾನೇ ಕಂಡಿದ್ದೇನೆ. ಲೋಹವನ್ನು ತೆಗೆದು ಪ್ಲಾಸ್ಟಿಕ್ ಜಾಲರಿಯನ್ನೋ ತುಕ್ಕು ಹಿಡಿಯದ ಉಕ್ಕಿನ ಮೊಳೆಯನ್ನೋ ಹಾಕಿ, ಆ ಪಟ್ಟೆಯನ್ನು ಮಳೆನೀರಿನಿಂದ ಹಲವು ಸಲ ತೊಳೆದ ಮೇಲೆಯೇ ಹೊಸ ಹಾವಸೆ ಇಡಬೇಕು.

ಆಕಾರದಿಂದ ಏನೂ ತಿಳಿಯದಿದ್ದರೆ ನೀರು ಹಾಕುವ ಪದ್ಧತಿಯನ್ನು ಪ್ರಶ್ನಿಸಿ. ಬಿಸಿಲು ಏರಿದ ಮೇಲೆ ಮಕ್ಕಳು ಬಿಡುವಿನಲ್ಲಿ ಬಂದು ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ ಹೋಗುವುದು ನೋಡಲು ಪ್ರೀತಿಯ ಕೆಲಸ, ಹಾವಸೆಗೆ ಮಾತ್ರ ಅದು ಉಪವಾಸವಿದ್ದಂತೆ. ಒಣಗಿದ ಹಾವಸೆ ಒದ್ದೆಯಾದ ತಕ್ಷಣ ಮೊದಲು ತನ್ನ ಕೋಶಗಳ ರಿಪೇರಿಗೆ ಕೂಡಿಟ್ಟ ಸತ್ವವನ್ನು ಖರ್ಚು ಮಾಡುತ್ತದೆ. ಅದು ದ್ಯುತಿಸಂಶ್ಲೇಷಣೆಯಿಂದ ಆ ಖರ್ಚನ್ನು ತುಂಬಿಕೊಂಡು ಲಾಭಕ್ಕೆ ಬರುವ ಮುನ್ನವೇ ಮತ್ತೆ ಒಣಗಿಬಿಟ್ಟರೆ ಪ್ರತಿ ಸಲವೂ ನಷ್ಟವೇ. ಬೆಳಗಿನ ತಂಪಿನಲ್ಲಿ ಒಮ್ಮೆ, ಹಿಂಬದಿಯವರೆಗೂ ನೆನೆಯುವಂತೆ ಧಾರಾಳವಾಗಿ ಕೊಟ್ಟು, ಕೆಲವು ಗಂಟೆ ತೇವ ಉಳಿಯುವಂತೆ ನೋಡಿಕೊಳ್ಳಿ. ಅದು ಸಾಧ್ಯವಿಲ್ಲದ ರಜೆಯ ದಿನಗಳಲ್ಲಿ ಏನೂ ಹಾಕದೆ ಒಣಗಿ ಮಲಗಲು ಬಿಡುವುದು ಅರೆಬರೆ ಚಿಮುಕಿಸುವುದಕ್ಕಿಂತ ಒಳ್ಳೆಯದು.

ಅದೂ ಸರಿಯಿದ್ದರೆ ಉಳಿಯುವುದು ನೀರಿನ ಗುಣ. ಚಿತ್ರದ ಒಂದು ಮೂಲೆಗೆ ಎರಡು ವಾರ ಮಳೆನೀರನ್ನೇ, ಉಳಿದದ್ದಕ್ಕೆ ಎಂದಿನ ನಲ್ಲಿನೀರನ್ನೇ ಹಾಕಿ ನೋಡಿ. ಮೂಲೆ ಮಾತ್ರ ಚೇತರಿಸಿಕೊಂಡರೆ ಉತ್ತರ ಸಿಕ್ಕಿತು. ನಲ್ಲಿನೀರಿನ ಕ್ಲೋರಿನ್ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಬಹುಪಾಲು ಹಾರಿಹೋಗುತ್ತದೆ; ಕ್ಲೋರಿನ್ ಬದಲು ಕ್ಲೋರಮಿನ್ ಎಂಬ ಸೋಂಕುನಾಶಕ ಬೆರೆಸಿದ ನೀರಾದರೆ ಹಾಗೆ ಹೋಗುವುದಿಲ್ಲ, ಗಡಸು ನೀರಿನ ಸುಣ್ಣವಂತೂ ಎಷ್ಟು ದಿನವಿಟ್ಟರೂ ಉಳಿಯುತ್ತದೆ. ಆಗ ಮಳೆನೀರು ಸಂಗ್ರಹವೇ ದಾರಿ. ಸಂಗ್ರಹದ ಪಾತ್ರೆಗೆ ಸೊಳ್ಳೆ ನುಗ್ಗದಂತೆ ಬಟ್ಟೆ ಬಿಗಿದು, ಮಗು ಬೀಳದಂತೆ ಭದ್ರವಾದ ಮುಚ್ಚಳ ಹಾಕಲೇಬೇಕು.

ಗೊಬ್ಬರದ ಯೋಚನೆ ಬಿಟ್ಟುಬಿಡಿ. ಹಾವಸೆಗೆ ಬೇಕಾದಷ್ಟು ಲವಣ ಮಳೆಯಲ್ಲಿ, ಧೂಳಿನಲ್ಲಿ ಬರುತ್ತದೆ. ಮೇಲಿನ ಹೂಕುಂಡಗಳಿಂದ ಗೊಬ್ಬರದ ನೀರು ಚಿತ್ರದ ಮೇಲೆ ಸೋರುತ್ತಿದ್ದರೆ ಕುಂಡಗಳನ್ನು ಸರಿಸಿ.

ಲೇಪ ಹಚ್ಚಿ ವಾರಗಳಾದರೂ ಏನೂ ಮೊಳೆತಿಲ್ಲ

ಹಾವಸೆಯನ್ನು ಮಜ್ಜಿಗೆ, ಸಕ್ಕರೆಗಳ ಜೊತೆ ಮಿಕ್ಸಿಯಲ್ಲಿ ರುಬ್ಬಿ ಗೋಡೆಗೆ ಬಣ್ಣದಂತೆ ಹಚ್ಚಿದರೆ ಕೆಲವೇ ವಾರಗಳಲ್ಲಿ ಹಸಿರು ಚಿತ್ರ ಮೂಡುತ್ತದೆ ಎಂಬ ವಿಧಾನ ಎಲ್ಲೆಡೆ ಹರಡಿದೆ. ಸಿದ್ಧಾಂತ ತಪ್ಪಲ್ಲ, ಏಕೆಂದರೆ ಹಾವಸೆಯ ಎಲೆ ಕಾಂಡಗಳ ಚೂರೂ ಹೊಸ ಸಸ್ಯವಾಗಬಲ್ಲದು. ಆದರೆ ಅದು ನಿಜವಾಗಬೇಕಾದರೆ ಹಲವು ಷರತ್ತುಗಳು ಒಟ್ಟಿಗೆ ಕೂಡಿಬರಬೇಕು, ಮತ್ತು ಫೋಟೊಗಳಲ್ಲಿ ಕಾಣುವ ದಟ್ಟ ಹಸಿರು ಅಕ್ಷರಗಳಲ್ಲಿ ಅನೇಕವು ಇಡೀ ಹಾವಸೆಯನ್ನು ಕತ್ತರಿಸಿ ಅಂಟಿಸಿದವು.

ಮೊದಲು ದಿನ ಎಣಿಸಿ. ಆರು ವಾರ ಆಗಿಲ್ಲದಿದ್ದರೆ ಪರೀಕ್ಷೆಯೇ ಬೇಡ, ತೇವವಾಗಿಟ್ಟು ಕಾಯಿರಿ. ಆರು ವಾರ ಕಳೆದಿದ್ದರೆ ಭೂತಗನ್ನಡಿ ಹಿಡಿದು ಹಸಿರು ಮಖಮಲ್ಲಿನಂಥ ತೆಳು ಪದರವಿದೆಯೇ ನೋಡಿ. ಇದ್ದರೆ ಹಾವಸೆಯ ಎಳೆಯ ಹಂತವಾದ, ಮುಂದಿನ ಭಾಗವೊಂದರಲ್ಲಿ ಹೇಳಿರುವ ಪ್ರೋಟೊನೀಮಾ ಅದಾಗಿರಬಹುದು.

ಏನೂ ಇಲ್ಲದಿದ್ದರೆ ಗೋಡೆಯ ಮೇಲೆ ಒಂದು ಹನಿ ನೀರು ಬಿಡಿ. ಹನಿ ಕಪ್ಪಾಗಿ ಹರಡಿ ಒಳಗೆ ಇಂಗಿದರೆ ಮೇಲ್ಮೈ ಒಳ್ಳೆಯದು. ಮಣಿಯಂತೆ ನಿಂತು ಜಾರಿಹೋದರೆ ಗೋಡೆಗೆ ಬಣ್ಣವೋ ನೀರುನಿರೋಧಕ ಲೇಪವೋ ಇದೆ. ಅಂಥ ಗೋಡೆ ತೇವವನ್ನೂ ಹಿಡಿಯದು, ರೈಜಾಯ್ಡಿಗೆ ಹಿಡಿತವನ್ನೂ ಕೊಡದು. ಅದನ್ನು ಕೆರೆದು ಒರಟು ಮಾಡುವ ಬದಲು ಒರಟು ಮರ, ಇಟ್ಟಿಗೆ ಅಥವಾ ಗೋಣಿತಟ್ಟು ಹೊದಿಸಿದ ಹಲಗೆಗೆ ಚಿತ್ರವನ್ನು ವರ್ಗಾಯಿಸಿ.

ಹನಿ ಇಂಗಿತು, ಆದರೂ ಹಾವಸೆ ಇಲ್ಲ ಎಂದರೆ ಗೋಡೆಯ ವಯಸ್ಸು ಕೇಳಿ. ಹೊಸ ಸಿಮೆಂಟಿನ ಪಿ.ಎಚ್. (ಆಮ್ಲ-ಕ್ಷಾರಗಳ ಅಳತೆ) 12ರಿಂದ 13ರಷ್ಟಿರುತ್ತದೆ, ಅಂದರೆ ಅದು ತೀವ್ರ ಕ್ಷಾರ; ಗಾಳಿಯ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಅದನ್ನು ತಗ್ಗಿಸುವವರೆಗೆ ಅಲ್ಲಿ ಏನೂ ಮೊಳೆಯದು. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದವನ್ನು ಒದ್ದೆ ಗೋಡೆಗೆ ಒತ್ತಿ ಹಿಡಿದರೆ ಇದು ಗೊತ್ತಾಗುತ್ತದೆ. ಕಾಗದ ಕೂಡಲೇ ಗಾಢ ಕೆಂಪುಕಂದಾದರೆ ಗೋಡೆ ಇನ್ನೂ ತೀವ್ರ ಕ್ಷಾರವಾಗಿದೆ ಎಂದರ್ಥ. ಹಸಿ ಸಿಮೆಂಟು ಚರ್ಮವನ್ನು ಸುಡುವುದರಿಂದ ಹೊಸ ಗಾರೆಯ ಮೇಲೆ ಮಕ್ಕಳ ಕೈ ಬೀಳದಿರಲಿ. ಕ್ಷಾರ ಕಳೆಯಲು ಆಮ್ಲ ಸುರಿಯುವವರೂ ಇದ್ದಾರೆ. ಶಾಲೆಯ ಆವರಣದಲ್ಲಿ ಅದು ಬೇಡವೇ ಬೇಡ, ಒಂದೆರಡು ಮಳೆಗಾಲ ಕಾಯುವುದು ಅಥವಾ ಹಲಗೆ ಬಳಸುವುದು ಲೇಸು.

ಮೇಲ್ಮೈ ಸರಿಯಿದ್ದರೆ ಹಾವಸೆಯ ಮೂಲವನ್ನು ವಿಚಾರಿಸಿ. ಮರದ ಬುಡದ ನೆರಳಿನಿಂದ ತಂದ ಹಾವಸೆ ಸಿಮೆಂಟಿನ ಗೋಡೆಗೆ ಒಗ್ಗುವುದು ಅಪರೂಪ. ಗೋಡೆಯಿಂದ ತಂದದ್ದು ಗೋಡೆಗೆ, ಮಣ್ಣಿನದು ಮಣ್ಣಿಗೆ, ಮರದ್ದು ಮರಕ್ಕೆ ಒಗ್ಗುತ್ತದೆ. ನೆಲಹಾಸಿನ ಸಂದುಗಳಲ್ಲಿ ಬೆಳ್ಳಿಯ ಹೊಳಪಿನಿಂದ ಬೆಳೆಯುವ ಬ್ರಯಮ್ ಅರ್ಜೆಂಟಿಯಮ್ ಜಗತ್ತಿನ ಬಹುತೇಕ ಎಲ್ಲ ಊರುಗಳಲ್ಲೂ ಸಿಗುವ, ಬಿಸಿಲು ತುಳಿತಗಳನ್ನು ತಾಳುವ ಜಾತಿ. ಶಾಲೆಗೆ ಅದಕ್ಕಿಂತ ಒಳ್ಳೆಯ ಆರಂಭ ನನಗೆ ತಿಳಿದಿಲ್ಲ. ಶಾಲೆಯ ಆವರಣದಲ್ಲೇ, ಅನುಮತಿ ಪಡೆದು, ಪ್ರತಿ ಮೆತ್ತೆಯಿಂದಲೂ ಸ್ವಲ್ಪವೇ ಕೀಳಬೇಕು. ಕಾಡಿನಿಂದ ತರುವುದು ಬೇಡ; ಹಲವೆಡೆ ಅದು ಕಾನೂನಿಗೆ ವಿರುದ್ಧ, ಮತ್ತು ಬೋಳಾದ ಜಾಗ ಮತ್ತೆ ತುಂಬಲು ವರ್ಷಗಳು ಬೇಕು.

ಕೊನೆಗೆ ಲೇಪದ ಪಾಕ. ನುಣ್ಣಗೆ ರುಬ್ಬಿದ್ದರೆ ಚೂರುಗಳು ಕೋಶಗಳ ಮಟ್ಟಕ್ಕೆ ನಜ್ಜಾಗಿ ಸತ್ತಿರುತ್ತವೆ. ಮಿಕ್ಸಿಯ ಬದಲು ಕತ್ತರಿಯಿಂದ ಕೆಲವು ಮಿಲಿಮೀಟರಿನ ಚೂರುಗಳಾಗಿ ಕತ್ತರಿಸಿ, ಮಳೆನೀರು ಮತ್ತು ಸ್ವಲ್ಪ ಜೇಡಿಮಣ್ಣಿನೊಂದಿಗೆ ಕಲಸಿ ಹಚ್ಚುವುದು ಸುರಕ್ಷಿತವೂ ಹೌದು, ಹೆಚ್ಚು ಫಲ ಕೊಡುವುದೂ ಹೌದು. ಮಿಕ್ಸಿಯನ್ನೇ ಬಳಸುವುದಾದರೆ ದೊಡ್ಡವರು ಒಂದೆರಡು ಸುತ್ತಷ್ಟೇ ತಿರುಗಿಸಲಿ, ಆ ಜಾರನ್ನು ಮತ್ತೆ ಅಡುಗೆಗೆ ಬಳಸದಿರಲಿ.

ಚಿತ್ರದ ಮೇಲೆ ಬಿಳಿ ಬೂಷ್ಟು, ಮುಗ್ಗಲು ವಾಸನೆ

ಜೇಡರ ಬಲೆಯಂಥ ಬಿಳಿ ಅಥವಾ ಬೂದು ಎಳೆಗಳು ಲೇಪ ಹಚ್ಚಿದ ಮೊದಲ ಎರಡು ವಾರಗಳಲ್ಲೇ ಬಂದರೆ ಅದರ ಆಹಾರ ಹಾವಸೆಯಲ್ಲ, ಮಜ್ಜಿಗೆ ಮತ್ತು ಸಕ್ಕರೆ. ಹೊಸದಾಗಿ ಸಿಂಪಡಿಸುವುದನ್ನು ಒಂದೆರಡು ದಿನ ನಿಲ್ಲಿಸಿ ಗಾಳಿಯಾಡಲು ಬಿಡಿ. ಪ್ಲಾಸ್ಟಿಕ್ ಹಾಳೆ ಮುಚ್ಚಿದ್ದರೆ ತೆಗೆಯಿರಿ. ಎಳೆಗಳನ್ನು ಒದ್ದೆ ಬ್ರಶ್ಶಿನಿಂದ ಎತ್ತಿ ತೆಗೆಯಬೇಕು, ಒಣಗಿದ್ದಾಗ ಉಜ್ಜಿದರೆ ಬೂಷ್ಟನ್ನು ಹರಡುವ ಸೂಕ್ಷ್ಮ ಕಣಗಳಾದ ಬೀಜಕಗಳು ಗಾಳಿಗೇರುತ್ತವೆ. ಈ ಕೆಲಸ ಮುಖಗವಸು ಹಾಕಿದ ದೊಡ್ಡವರದು; ಉಬ್ಬಸವಿರುವ ಮಕ್ಕಳು ಹತ್ತಿರವೂ ಇರಬಾರದು. ಹಾಲಿನ ಅಲರ್ಜಿಯಿರುವ ಮಗು ತರಗತಿಯಲ್ಲಿದ್ದರೆ ಮಜ್ಜಿಗೆಯ ಲೇಪವನ್ನು ಮೊದಲಿಂದಲೇ ಕೈಬಿಡಬೇಕಿತ್ತು ಎಂಬುದನ್ನೂ ಇಲ್ಲಿ ನೆನಪಿಸುತ್ತೇನೆ.

ಎಳೆ ತೆಗೆದ ಮೇಲೆ ಕೆಳಗಿನ ಹಾವಸೆ ಹಸಿರಾಗಿದ್ದರೆ ಮುಂದೆ ಬರಿಯ ಮಳೆನೀರು ಸಾಕು. ಸಾಸಿವೆಗಿಂತ ಸಣ್ಣ ಬಿಳಿ ಜೀವಿಗಳು ನೆಗೆಯುತ್ತಿದ್ದರೆ ಅವು ಸ್ಪ್ರಿಂಗ್‌ಟೇಲ್‌ಗಳು. ಬೂಷ್ಟನ್ನೇ ತಿನ್ನುವ ಅವುಗಳನ್ನು ಓಡಿಸಬೇಡಿ. ಬೂಷ್ಟು ಮೂರನೆಯ ಸಲವೂ ಮರಳಿದರೆ ಆ ಪದರವನ್ನು ಪೂರ್ತಿ ಕೆರೆದು ಚೀಲದಲ್ಲಿ ಕಟ್ಟಿ ಎಸೆದು ಹೊಸದಾಗಿ ಆರಂಭಿಸುವುದೇ ಅಗ್ಗ. ಬ್ಲೀಚು ಹಾಕಿದರೆ ಹಾವಸೆಯೂ ಸಾಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಬ್ಲೀಚಿಗೆ ವಿನೆಗರ್ ಅಥವಾ ಇನ್ನಾವುದೇ ಆಮ್ಲ ತಾಗಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಹಾಗಾಗಿ ಎರಡನ್ನೂ ತೋಟದ ಕಪಾಟಿನಲ್ಲಿ ಒಟ್ಟಿಗೆ ಇಡುವುದೂ ಸಲ್ಲದು.

ಹಸಿರೇನೋ ಬಂದಿದೆ, ಆದರೆ ಲೋಳೆಯಂತಿದೆ

ಇಲ್ಲಿ ಅವಸರಪಟ್ಟು ಉಜ್ಜಿ ತೊಳೆದವರು ತಮ್ಮ ಯಶಸ್ಸನ್ನೇ ತೊಳೆದುಕೊಂಡ ಉದಾಹರಣೆಗಳಿವೆ. ಹಾವಸೆಯ ಬೀಜಕ ಮೊಳೆತಾಗ ನೇರವಾಗಿ ಎಲೆ ಬರುವುದಿಲ್ಲ. ಮೊದಲು ಪ್ರೋಟೊನೀಮಾ ಎಂಬ ಹಸಿರು ನೂಲುಗಳ ಪದರ ಹರಡಿ, ಅದರ ಮೇಲೆ ಮೊಗ್ಗುಗಳು ಮೂಡಿ, ಆಮೇಲೆ ಎಲೆಗಳುಳ್ಳ ಸಸ್ಯ ಏಳುತ್ತದೆ. ಚೂರುಗಳಿಂದ ಬೆಳೆಯುವಾಗಲೂ ಅನೇಕ ಸಲ ಇದೇ ಹಂತ ಬರುತ್ತದೆ. ಬರಿಗಣ್ಣಿಗೆ ಅದು ಪಾಚಿಯಂತೆಯೇ ಕಾಣುತ್ತದೆ.

ಕೈಗವಸು ಹಾಕಿದ ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡುವುದು ಮೊದಲ ಪರೀಕ್ಷೆ. ಜಾರಿ, ಬೆರಳಿಗೆ ಲೋಳೆ ಅಂಟಿದರೆ ಪಾಚಿ. ಬಟ್ಟೆಯ ನಯದಂತಿದ್ದು ಅಂಟದಿದ್ದರೆ ಪ್ರೋಟೊನೀಮಾ ಇರಬಹುದು. ಶಾಲೆಯಲ್ಲಿ ಸೂಕ್ಷ್ಮದರ್ಶಕವಿದ್ದರೆ ಸಂದೇಹ ಪೂರ್ತಿ ಕಳೆಯುತ್ತದೆ: ಬಲಿತ ಪ್ರೋಟೊನೀಮಾದ ಎಳೆಗಳಲ್ಲಿ ಕೋಶಗಳ ನಡುವಿನ ಗೋಡೆಗಳು ಓರೆಯಾಗಿರುತ್ತವೆ, ಪಾಚಿಯ ಎಳೆಗಳಲ್ಲಿ ಸಾಮಾನ್ಯವಾಗಿ ನೇರವಾಗಿ ಅಡ್ಡಕ್ಕಿರುತ್ತವೆ. ಸೂಕ್ಷ್ಮದರ್ಶಕ ಇಲ್ಲದಿದ್ದರೆ ಮೂರು ವಾರ ಬಿಟ್ಟು ಮತ್ತೆ ನೋಡಿ. ಪುಟ್ಟ ಎಲೆಗಳ ಚುಕ್ಕೆಗಳು ಎದ್ದಿದ್ದರೆ ಸರಿ.

ನಿಜವಾಗಿಯೂ ಪಾಚಿಯೇ ಆಗಿದ್ದರೆ ನೀರು ಹೆಚ್ಚಾಗಿ ನಿಲ್ಲುತ್ತಿದೆ ಅಥವಾ ಅದರಲ್ಲಿ ಪೋಷಕಾಂಶ ಹೆಚ್ಚಿದೆ. ಚಿತ್ರದ ಮೇಲೆ ನೀರು ಸದಾ ಹರಿಯುವಂತಿದ್ದರೆ ತಪ್ಪಿಸಿ, ಎರಡು ಸಿಂಪಡಣೆಗಳ ನಡುವೆ ಮೇಲ್ಮೈ ಒಮ್ಮೆ ಆರಲು ಬಿಡಿ. ಅಲ್ಪಾವಧಿಯ ಒಣಹವೆಯನ್ನು ಹಾವಸೆ ತಾಳಿಕೊಳ್ಳುತ್ತದೆ, ಲೋಳೆಪಾಚಿಗೆ ಅದು ಕಷ್ಟ. ಲೋಳೆಯ ಪದರ ಕೆಳಗಿನ ಕಾಲುದಾರಿಗೂ ಇಳಿದಿದ್ದರೆ ಅದು ತೋಟದ ದೋಷವಾಗಿ ಉಳಿಯದೆ ಅಪಾಯವಾಗುತ್ತದೆ. ಅಲ್ಲಿ ಅದನ್ನು ಉಜ್ಜಿ ತೆಗೆಯುವವರೆಗೆ ಮಕ್ಕಳ ಓಡಾಟ ನಿಲ್ಲಿಸಬೇಕು. ಚಪ್ಪಟೆ ಹಾಳೆಗಳಂತೆ ಕವಲೊಡೆದು, ಮೇಲೆ ಪುಟ್ಟ ಬಟ್ಟಲುಗಳಿರುವ ಸಸ್ಯ ಕಂಡರೆ ಅದು ಹಾವಸೆಯ ದೂರದ ನಂಟ ಮಾರ್ಕಾಂಶಿಯ. ಚಿತ್ರ ಕೆಡಿಸುತ್ತಿದ್ದರೆ ಚಿಮಟದಿಂದ ಕೀಳಿ, ಇಲ್ಲದಿದ್ದರೆ ವಿಜ್ಞಾನದ ಪಾಠಕ್ಕೆ ಇರಲಿ.

ಅಂಚು ಎದ್ದಿದೆ, ತುಂಡುಗಳು ಉದುರುತ್ತಿವೆ

ಕತ್ತರಿಸಿ ಅಂಟಿಸಿದ ಚಿತ್ರಗಳ ಕಾಯಿಲೆ ಇದು. ಬಿದ್ದ ತುಂಡನ್ನು ತಿರುಗಿಸಿ ಅದರ ಹಿಂಬದಿ ನೋಡಿ. ಹಿಂದೆ ಬಿಳಿಚಿದ ಅಂಟು ಗಟ್ಟಿಯಾಗಿ ಹಾಳೆಯಂತೆ ಬಂದಿದ್ದರೆ ಅಂಟು ಗೋಡೆಯನ್ನು ಬಿಟ್ಟಿದೆ. ಮಣ್ಣು ದಪ್ಪವಾಗಿದ್ದರೆ ಭಾರಕ್ಕೆ ಬಿದ್ದಿದೆ. ಮಣ್ಣನ್ನು ತೊಳೆದು ತೆಳುವಾಗಿಸಬೇಕಿತ್ತು. ಹಿಂಬದಿ ಒಣಗಿ ಪುಡಿಯಾಗಿದ್ದರೆ ತುಂಡಿಗೂ ಗೋಡೆಗೂ ನಡುವೆ ಗಾಳಿಯಿದ್ದು, ರೈಜಾಯ್ಡ್‌ಗೆ ಹಿಡಿಯಲು ಏನೂ ಸಿಕ್ಕಿಲ್ಲ. ಎದ್ದ ಅಂಚನ್ನು ನೆನೆಸಿ, ಅಂಗೈಯಿಂದ ಒತ್ತಿ, ಪ್ಲಾಸ್ಟಿಕ್ ಜಾಲರಿ ಬಿಗಿದು ಎರಡು ತಿಂಗಳಾದರೂ ಬಿಟ್ಟರೆ ಹಿಡಿದುಕೊಳ್ಳುವ ಸಾಧ್ಯತೆ ಇದೆ. ಒಣಗಿ ಕುಗ್ಗುವಾಗಲೇ ಅಂಚು ಏಳುವುದರಿಂದ ಈ ಅವಧಿಯಲ್ಲಿ ತೇವ ತಪ್ಪಬಾರದು.

ಉದುರಿದ ತುಂಡುಗಳು ಚಿತ್ರದ ನಡುವಿನಿಂದ, ಕುಕ್ಕಿ ತೆಗೆದಂತೆ ಬಿದ್ದಿದ್ದರೆ ಅಂಟನ್ನು ದೂರಬೇಡಿ. ಹಕ್ಕಿಗಳು ಗೂಡಿಗಾಗಿಯೋ ಕೆಳಗಿನ ಹುಳಕ್ಕಾಗಿಯೋ ಹಾವಸೆಯನ್ನು ಎಳೆಯುತ್ತವೆ. ಬಿಗಿಯಾದ ಜಾಲರಿ ಇದಕ್ಕೂ ಮದ್ದು. ಸಡಿಲ ಬಲೆ ಕಟ್ಟಿದರೆ ಹಕ್ಕಿಯ ಕಾಲು ಸಿಕ್ಕಿಕೊಳ್ಳುತ್ತದೆ. ಬಿದ್ದ ತುಂಡುಗಳನ್ನು ಎಸೆಯುವ ಮುನ್ನ ನೀರಿನಲ್ಲಿ ನೆನೆಸಿ ತಟ್ಟೆಗೆ ಹಿಂಡಿ, ಆ ನೀರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೀರುಕರಡಿ (ಟಾರ್ಡಿಗ್ರೇಡ್) ಎಂಬ ಎಂಟು ಕಾಲಿನ ಸೂಕ್ಷ್ಮ ಜೀವಿಗಳು ಸಿಗಬಹುದು. 1773ರಲ್ಲಿ ಗೋಟ್ಸೆ ಎಂಬ ಜರ್ಮನ್ ಪಾದ್ರಿ ಮೊದಲು ವರ್ಣಿಸಿದ ಈ ಜೀವಿಗಳು ಹಾವಸೆಯ ಜೊತೆಗೇ ಒಣಗಿ, ಅದರ ಜೊತೆಗೇ ಎಚ್ಚರವಾಗುತ್ತವೆ. ಚಿತ್ರ ಹಾಳಾದ ದುಃಖವನ್ನು ಮಕ್ಕಳು ಮರೆಯಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಆಕಾರ ಕಳೆದಿದೆ, ವಿಚಿತ್ರ ಬೆಳವಣಿಗೆ ಕಾಣುತ್ತಿದೆ

ಹಾವಸೆಯ ಮೇಲೆ ಕೆಂಪು ಅಥವಾ ಕಂದು ದಂಟುಗಳೆದ್ದು ತುದಿಯಲ್ಲಿ ಪುಟ್ಟ ಕುಡಿಕೆಗಳಿದ್ದರೆ ಅದು ರೋಗವಲ್ಲ. ಬೀಜಕಗಳನ್ನು ತುಂಬಿಕೊಂಡ ಚೀಲಗಳು ಅವು. ಕೀಳಬೇಡಿ. ಸಸ್ಯಗಳು ಸಣಕಲಾಗಿ, ಎಲೆಗಳ ನಡುವೆ ಅಂತರ ಹೆಚ್ಚಾಗಿ, ಬೆಳಕಿನ ಕಡೆಗೆ ಚಾಚಿದ್ದರೆ ನೆರಳು ಅತಿಯಾಗಿದೆ. ಹುಲ್ಲು ಮತ್ತು ಕಳೆ ಮೊಳೆತರೆ ಎಳೆಯದರಲ್ಲೇ ಚಿಮಟದಿಂದ ಕೀಳಬೇಕು, ಕೀಳುವಾಗ ಇನ್ನೊಂದು ಕೈಯ ಬೆರಳುಗಳಿಂದ ಹಾವಸೆಯನ್ನು ಅದುಮಿ ಹಿಡಿದಿರಬೇಕು. ಕಳೆನಾಶಕವನ್ನು ಶಾಲೆಯ ತೋಟದಲ್ಲಿ ಯೋಚಿಸಲೂ ಬಾರದು. ಅಕ್ಷರಗಳ ಅಂಚು ಹಬ್ಬಿ ಮಸುಕಾಗಿದ್ದರೆ ಅಭಿನಂದನೆಗಳು, ಕತ್ತರಿ ತನ್ನಿ.

ನೀರು ಹಾಕಿದಾಗ ಹಸಿರು ಬಣ್ಣ ಬಿಡುತ್ತಿದೆ

ತುಂಡೊಂದನ್ನು ಬಿಳಿ ಬಟ್ಟೆಯಲ್ಲಿ ಹಿಂಡಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ನೀವು ಕೊಂಡದ್ದು ಗ್ಲಿಸರಿನ್ ಹಾಕಿ ಬಣ್ಣ ಕಟ್ಟಿದ ಅಲಂಕಾರದ ಹಾವಸೆ. ಅದು ಸತ್ತು ಎಷ್ಟೋ ಕಾಲವಾಗಿದೆ. ನೀರು ಹಾಕಿದಷ್ಟೂ ಕೊಳೆಯುತ್ತದೆ. ಹಿಮಸಾರಂಗದ ಹಾವಸೆ ಎಂಬ ಹೆಸರಿನಲ್ಲಿ ಮಾರುವ ಸ್ಪಂಜಿನಂಥ ಗೊಂಚಲಂತೂ ಹಾವಸೆಯೇ ಅಲ್ಲ, ಕಲ್ಲುಹೂವಿನ ಕುಲಕ್ಕೆ ಸೇರಿದ್ದು. ಅದನ್ನು ಒಳಾಂಗಣಕ್ಕೆ ಒಯ್ದು ಒಣಗಿಸಿ ಇಡಿ, ತೋಟಕ್ಕೆ ಬೇರೆ ಹಾವಸೆ ಹುಡುಕಿ.

ಗೋಡೆಯ ಇನ್ನೊಂದು ಪಕ್ಕದಲ್ಲಿ ತೇವ ಕಾಣಿಸಿದೆ

ಹಾವಸೆಗೆ ಸಂಬಂಧಿಸಿದ ಇತರ ಯಾವುದೇ ಲಕ್ಷಣಕ್ಕೂ ವಾರಗಟ್ಟಲೆ ಕಾಯಬಹುದು, ಇದಕ್ಕೆ ಮಾತ್ರ ಕಾಯುವಂತಿಲ್ಲ. ಚಿತ್ರವಿರುವ ಗೋಡೆಯ ಒಳಮೈಯಲ್ಲಿ, ಅಂದರೆ ತರಗತಿಯ ಒಳಗೆ, ಕಲೆ, ಉಬ್ಬಿದ ಬಣ್ಣ, ಉಪ್ಪಿನ ಪುಡಿ ಅಥವಾ ಕಪ್ಪು ಬೂಷ್ಟು ಕಂಡರೆ ಸಿಂಪಡಣೆಯನ್ನು ಅಂದೇ ನಿಲ್ಲಿಸಿ. ಎರಡು ವಾರದಲ್ಲಿ ಕಲೆ ಒಣಗುತ್ತಾ ಬಂದರೆ ಮೂಲ ನಿಮ್ಮ ನೀರೇ. ಚಿತ್ರವನ್ನು ಗೋಡೆಯಿಂದ ಕೆಲವು ಸೆಂಟಿಮೀಟರ್ ದೂರ ನಿಲ್ಲುವ, ಹಿಂದೆ ಗಾಳಿಯಾಡುವ ಹಲಗೆಗೆ ಬದಲಾಯಿಸಿ. ಒಣಗದಿದ್ದರೆ ಕೊಳವೆಯೋ ಛಾವಣಿಯೋ ಸೋರುತ್ತಿದೆ, ಮತ್ತು ಹಾವಸೆ ಅಲ್ಲಿ ಅಷ್ಟು ಚೆನ್ನಾಗಿ ಬೆಳೆದದ್ದಕ್ಕೂ ಬಹುಶಃ ಅದೇ ಕಾರಣ. ಗೋಡೆಯಲ್ಲಿ ಬಿರುಕು ಕಂಡರೆ, ಗಾರೆ ಸಡಿಲಾಗಿ ಉದುರಿದರೆ, ಸ್ವಿಚ್ಚಿನ ಹತ್ತಿರ ತೇವ ಬಂದರೆ ಆ ಕೋಣೆಯಿಂದ ಮಕ್ಕಳನ್ನು ಹೊರಗೆ ಕರೆತಂದು, ಸುರಕ್ಷಿತವಾಗಿ ಸಾಧ್ಯವಿದ್ದರೆ ಅಲ್ಲಿಯ ವಿದ್ಯುತ್ತನ್ನು ಮೇನ್ ಸ್ವಿಚ್ಚಿನಲ್ಲಿ ಆರಿಸಿ, ಕಟ್ಟಡದ ಎಂಜಿನಿಯರನ್ನೂ ಎಲೆಕ್ಟ್ರಿಷಿಯನ್ನನ್ನೂ ಕರೆಸಬೇಕು. ಅವರು ನೋಡಿ ಒಪ್ಪುವವರೆಗೆ ಆ ಗೋಡೆಯ ಮೇಲಿನ ಹಾವಸೆಯನ್ನು ಕೀಳುವುದೂ ಬೇಡ. ಅದು ಎಲ್ಲಿ ಹೆಚ್ಚು ಹಸಿರಾಗಿದೆ ಎಂಬುದರಿಂದ ಸೋರಿಕೆಯ ಜಾಗ ಹುಡುಕುವುದು ಅವರಿಗೆ ಸುಲಭವಾಗುತ್ತದೆ.